ಚೈನ್‌ಮನ್ ದುರಗಪ್ಪ ಎಳೆದ ಗೆರೆ

“ಮೂವತ್ತೆರಡ ವರ್ಷ ಮಂದಿ ಹೊಲಾ ಅಳದೇನ್ರಿ, ನಂದಂತ ಒಂದ ಗುಂಟೆ ಇಲ್ಲ. ನನ್ನಂಥಾ ಶಾಣ್ಯಾ ಇನ್ನೊಬ್ಬ ಸಿಗಾಂಗಿಲ್ಲ,” ಎಂದು ದುರಗಪ್ಪ ತನ್ನ ಪರಿಚಯವನ್ನು ತಾನೇ ಮಾಡಿಕೊಡುತ್ತಿದ್ದ. ಕೇಳಿದವರು ನಗುತ್ತಿದ್ದರು. ಅವರು ನಗುವ ಮೊದಲೇ ತಾನು ನಕ್ಕುಬಿಡುವುದು ಅವನ ಪದ್ಧತಿ. ಆ ಕೆಲಸವನ್ನು ಬೇರೆಯವರಿಗೆ ಉಳಿಸಬಾರದು ಎಂಬುದನ್ನು ಅವನು ಬಹಳ ಬೇಗ ಕಲಿತಿದ್ದ.

ತಾಲೂಕಿನ ಮೋಜಣಿ ಆಫೀಸಿನಲ್ಲಿ, ಅಂದರೆ ಹೊಲ ಅಳೆಯುವ ಆಫೀಸಿನಲ್ಲಿ, ಅವನು ಚೈನ್‌ಮನ್ ಆಗಿದ್ದವನು. ಸರ್ವೇಯರ್ ಸಾಹೇಬರು ಬೇವಿನ ಗಿಡದ ನೆರಳಿನಲ್ಲಿ ನಕಾಶೆ ಹಾಸಿಕೊಂಡು ಕೂತರೆ, ದುರಗಪ್ಪ ಕಬ್ಬಿಣದ ಸರಪಳಿಯ ತುದಿ ಹಿಡಿದು ಜಾಲಿಮುಳ್ಳು, ಕೆಸರು, ನಾಯಿ ಎಲ್ಲವನ್ನೂ ದಾಟಿ ಹೋಗಿ, ಬಾಂದುಕಲ್ಲು ಹುಡುಕಿ “ಐತ್ರೀ ಸಾಹೇಬ್ರ” ಎಂದು ಕೂಗಬೇಕು. ಬಾಂದುಕಲ್ಲೆಂದರೆ ಗಡಿಯ ಗುರುತಿಗೆ ನೆಟ್ಟ, ಒಂದು ಮೈಗೆ ಅಡ್ಡ-ಉದ್ದ ಗೆರೆ ಕೊರೆದ ಕಲ್ಲು. ಅವನು ಕೂಗಿದ ಮೇಲೆ ಸಾಹೇಬರು ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಅವನು ಎಳೆದ ಸರಪಳಿಯನ್ನೆಲ್ಲ ಜೋಡಿಸಿದರೆ ಕಾಗವಾಡದಿಂದ ಬೆಂಗಳೂರಿಗೆ ಹೋಗಿ ತಿರುಗಿ ಬರಬಹುದಿತ್ತು. ಗೆರೆ ಮಾತ್ರ ಒಂದೂ ಎಳೆದಿರಲಿಲ್ಲ. ನಕಾಶೆಗಳು ಕಪಾಟಿನಲ್ಲಿ, ಕಪಾಟಿನ ಕೀಲಿ ಸಾಹೇಬರ ಹತ್ತಿರ. ಗಾಣದೆತ್ತು ಎಷ್ಟು ಸುತ್ತಿದರೂ ಎಣ್ಣೆಯ ಗಡಿಗೆಗೆ ಬಾಯಿ ಹಾಕುವ ಹಾಗಿಲ್ಲವಲ್ಲ.

ಆದರೆ ಅವನಿಗೊಂದು ಹೆಸರಿತ್ತು. “ದುರಗಪ್ಪ ಮಾಮಾ ಒಂದ ರೂಪಾಯಿ ಮುಟ್ಟಿದಾವ ಅಲ್ಲ” ಎಂದು ಕೇರಿಯಲ್ಲಿ ಮಕ್ಕಳಿಗೂ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ದುರಗಪ್ಪ ತಲೆ ತಗ್ಗಿಸುತ್ತಿದ್ದ. ಜನ ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ಅವನು ಅಂದುಕೊಳ್ಳಲು ಬಿಡುತ್ತಿದ್ದ.

ಕೇರಿಯ ಹೆಸರು ಭೀಮನಗರ. ಜುಗೂಳದ ಆಚೆಗಿನ ಮಾಳಟ್ಟಿ ಎಂಬ ಹಳ್ಳಿಯಲ್ಲಿ ಊರಿನಿಂದ ಒಂದಿಷ್ಟು ದೂರ ನಿಂತ ಅರವತ್ತು ಮನೆ, ತಗಡು ಹೊದಿಸಿದ ಒಂದು ಬುದ್ಧವಿಹಾರ. ಕೇರಿಯಲ್ಲಿ ನಿಂತರೆ ಡಾಂಬರು ರಸ್ತೆಯ ಬಸ್ಸಿನ ಹಾರ್ನ್ ಕೇಳುತ್ತದೆ. ಬಸ್ಸು ಹತ್ತಬೇಕಾದರೆ ಮಾತ್ರ ಹಳ್ಳ ಸುತ್ತಿ, ಊರು ಸುತ್ತಿ ಎರಡೂವರೆ ಕಿಲೋಮೀಟರ್ ನಡೆಯಬೇಕು. ನಡುವೆ ಇರುವುದು ವಿರುಪಾಕ್ಷಪ್ಪ ಸಾವ್ಕಾರರ ಕಬ್ಬು. ಸುತ್ತಲಾರದವರು ಆ ಕಬ್ಬಿನ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು, ಹಾವಿಗೆ ಹೆದರುತ್ತ, ರವದಿಯ ಒಣಗರಿಗೆ ಮುಖ ಕೊಯ್ಯಿಸಿಕೊಳ್ಳುತ್ತ ಹೋಗುವುದೇ ಕೇರಿಯ ಹೆದ್ದಾರಿ. ಹಳೆಯ ಊರ ನಕಾಶೆಯಲ್ಲಿ ಅಲ್ಲಿ ಅಗಲವಾದ ಬಂಡಿದಾರಿ ಇತ್ತೆಂದು ಹಿರಿಯರು ಹೇಳುತ್ತಿದ್ದರು. ಆ ಮಾತು ಬಂದಾಗಲೂ ದುರಗಪ್ಪ ತಲೆ ತಗ್ಗಿಸುತ್ತಿದ್ದ.

ಅವನು ನಿವೃತ್ತನಾದ ಎರಡು ವರ್ಷಕ್ಕೆ, ೨೦೧೬ರಲ್ಲಿ, ಚಿಕ್ಕೋಡಿಯಲ್ಲಿ ನರ್ಸ್ ಆಗಿದ್ದ ಮಗಳು ಉಜ್ವಲಾ ಅವನಿಗೊಂದು ಹೊಸ ಫೋನು ತಂದುಕೊಟ್ಟಳು. ಅದರೊಳಗೆ ಒಂದು ನಕಾಶೆ ತೆಗೆದು ತೋರಿಸಿದಳು. ಅಥಣಿ ಕಂಡಿತು, ಕೃಷ್ಣಾ ಕಂಡಿತು, ಯಡೂರಿನ ಗುಡಿ ಕಂಡಿತು. ಮಾಳಟ್ಟಿ ಅಂತ ಒಂದು ಚುಕ್ಕೆ. ಭೀಮನಗರ ಇದ್ದ ಕಡೆ ಬರೀ ಬಿಳಿ.

“ಇದನ್ನ ಯಾವ ಆಫೀಸಿನವ್ರು ಮಾಡ್ಯಾರ?” ಎಂದು ದುರಗಪ್ಪ ಕೇಳಿದ.

“ಆಫೀಸ್ ಗೀಫೀಸ್ ಇಲ್ಲಪ್ಪಾ. ಮಂದೀನ ಕೂಡಿ ಬರದಾರ. ಯಾರ ಬೇಕಾದ್ರೂ ಬರೀಬಹುದು. ನೀನೂ ಬರೀಬಹುದು.”

“ಸಹಿ? ಶಿಕ್ಕಾ?”

“ಏನೂ ಬ್ಯಾಡ.”

“ತಪ್ಪ ಬರದ್ರ?”

“ಇನ್ನೊಬ್ಬಾವ ಬಂದ ತಿದ್ದತಾನ.”

ದುರಗಪ್ಪ ಕನ್ನಡಕ ಒರೆಸಿಕೊಂಡ. ಮೂವತ್ತೆರಡು ವರ್ಷ ಕೀಲಿ ಹಾಕಿದ ಕಪಾಟಿನ ಮುಂದೆ ನಿಂತವನಿಗೆ, ಆ ಕಪಾಟು ಬಾಗಿಲು ತೆರೆದುಕೊಂಡು ತನ್ನ ಅಂಗೈಗೇ ಬಂದು ಕೂತದ್ದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಬೆರಳು ಎಳೆದ ಮೊದಲ ಆಕೃತಿ ಬುದ್ಧವಿಹಾರ. ಅದು ಹೋಗಿ ಹಳ್ಳದ ನಡುವೆ ಕೂತಿತು. ಎರಡು ದಿನ ಬುದ್ಧ ನೀರಿನಲ್ಲೇ ಇದ್ದ. ಮೂರನೆಯ ದಿನ ಕೇರಳದ ಯಾರೋ ಒಬ್ಬಾಕೆ, ಮಾಳಟ್ಟಿಯನ್ನು ಕನಸಿನಲ್ಲೂ ಕಾಣದವಳು, ಮೇಲಿನಿಂದ ತೆಗೆದ ಫೋಟೋ ನೋಡಿ ವಿಹಾರವನ್ನು ದಡಕ್ಕೆ ತಂದಿಟ್ಟು ಹೋದಳು. ಸಾಹೇಬರಾಗಿದ್ದರೆ ತಾಯಿ-ತಂಗಿಯನ್ನೆಲ್ಲ ನೆನೆಯುತ್ತಿದ್ದರು. ಇವಳು ನಗುವ ಒಂದು ಮುಖ ಕಳಿಸಿದ್ದಳು. ದುರಗಪ್ಪನ ಕಣ್ಣು ತುಂಬಿ ಬಂದವು.

ಮುಂದೆ ಅವನಿಗೆ ಹುಚ್ಚು ಹಿಡಿಯಿತು ಅಂದರೂ ನಡೆದೀತು. ಹಿಟ್ಟಿನ ಗಿರಣಿ, ಬಾವಿ, ಬೋರು, ಶಾಲೆ, ಊರ ಮುಂದಿನ ಹುಣಸೆಮರ ಎಲ್ಲ ನಕಾಶೆ ಸೇರಿದವು. ಕೇರಿಯ ಸೋನಾಬಾಯಿ ಬಸ್‌ಸ್ಟ್ಯಾಂಡಿನ ಬಳಿ ನಡೆಸುತ್ತಿದ್ದ ಖಾನಾವಳಿಯನ್ನು ಅವನು ಹಾಕಿದ ತಿಂಗಳಿಗೆ, ಯಡೂರಿಗೆ ಹೋಗುವ ಮಹಾರಾಷ್ಟ್ರದ ಕಾರುಗಳು ಅಲ್ಲಿ ನಿಂತು ಜ್ವಾರಿ ರೊಟ್ಟಿ ಕೇಳತೊಡಗಿದವು. ಸೋನಾಬಾಯಿ ಒಂದು ಒಲೆಯಿದ್ದದ್ದನ್ನು ಮೂರು ಮಾಡಿ, ಕೇರಿಯ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆದಳು. ದುರಗಪ್ಪನಿಗೆ ವಾರಕ್ಕೊಮ್ಮೆ ಎಣ್ಣೆಗಾಯಿ ಪುಕ್ಕಟೆ. ಅವನ ಮೀಸೆ ಬೆಳೆಯಿತು. ಒಂದು ದಿನ ತನ್ನ ಮನೆಯನ್ನೂ ನಕಾಶೆಗೆ ಹಾಕಿ ಕೆಳಗೆ “ಭೂಮಾಪನ ತಜ್ಞರ ನಿವಾಸ” ಎಂದು ಬರೆದ. ಯಾರೋ ಪುಣ್ಯಾತ್ಮರು ಅರ್ಧ ತಾಸಿನಲ್ಲಿ ಅದನ್ನು “ಮನೆ” ಎಂದು ತಿದ್ದಿದರು.

ಆ ಬಂಡಿದಾರಿ ಎಳೆದದ್ದು ೨೦೧೭ರ ಮಳೆಗಾಲ ಮುಗಿಯುವ ಹೊತ್ತಿಗೆ. ಫೋನಿನಲ್ಲಿ ಮೇಲಿನಿಂದ ನೋಡಿದರೆ ಕಬ್ಬೆಲ್ಲ ಒಂದೇ ಹಸಿರು. ಆದರೆ ದುರಗಪ್ಪನ ಕಾಲಿಗೆ ನಕಾಶೆ ಬಾಯಿಪಾಠ. ಕೇರಿಯಿಂದ ಡಾಂಬರು ರಸ್ತೆಗೆ ಬೆರಳಿನಿಂದ ನೆಟ್ಟಗೆ ಒಂದು ಗೆರೆ ಎಳೆದ. ಕಾಗದದಲ್ಲಿ ಇದೆಯಲ್ಲ, ಇದ್ದದ್ದನ್ನೇ ಬರೆದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇದು ಮೋಜಣಿ ಆಫೀಸಿನವರು ಮಾತ್ರ ಮಾಡಬಹುದಾದ ತಪ್ಪು. ಅವರಿಗೆ ಕಾಗದದಲ್ಲಿ ಇದ್ದದ್ದು ನೆಲದಲ್ಲೂ ಇದ್ದ ಹಾಗೆಯೇ.

ಹದಿನೈದು ದಿನಕ್ಕೆ ಉಜ್ವಲಾಳನ್ನು ನೋಡಲು ರಾಯಬಾಗದಿಂದ ಬೀಗರು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಗಾಡಿಯ ಡ್ರೈವರ್ ಫೋನು ನೋಡಿಕೊಂಡು, ದುರಗಪ್ಪ ಎಳೆದ ಗೆರೆ ನಂಬಿ, ಡಾಂಬರು ಬಿಟ್ಟು ಸಾವ್ಕಾರರ ಕಬ್ಬಿನೊಳಗೆ ಇಳಿದ. ಆವತ್ತು ಬೆಳಿಗ್ಗೆಯಷ್ಟೇ ನೀರು ಹಾಯಿಸಿದ್ದ ಹೊಲ. ಕ್ರೂಸರ್ ನಾಲ್ಕು ಸಾಲು ಕಬ್ಬು ಮುರಿದು, ಅಚ್ಚಿನವರೆಗೆ ಹೂತು ನಿಂತಿತು. ಹತ್ತು ಜನ ಬೀಗರು ಚಪ್ಪಲಿ ಕೈಯಲ್ಲಿ ಹಿಡಿದು, ಬಿಳಿ ಧೋತರಕ್ಕೆಲ್ಲ ಕೆಸರು ಬಡಿಸಿಕೊಂಡು, ಮುಖ ಗೀರಿಸಿಕೊಂಡು ದುರಗಪ್ಪನ ಅಂಗಳಕ್ಕೆ ಬಂದರು. ದುರಗಪ್ಪ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಮುಖ ತೊಳೆಯಲು ಒಂದು ತಂಬಿಗೆ ಏನೇನೂ ಸಾಲದು ಎಂದು ನೋಡಿದೊಡನೆ ಗೊತ್ತಾಯಿತು.

ಹುಡುಗನ ಅಪ್ಪ ಗಂಗಾರಾಮ ಅವಲಕ್ಕಿ ತಿಂದು, ಚಹಾ ಕುಡಿದು, ಏಳುವಾಗ ಹೇಳಿದ: “ಹುಡಿಗಿ ಬಂಗಾರದಂಥಾಕಿ ಅದಾಳ್ರಿ. ಆದ್ರ ದಾರಿ ಇಲ್ಲದ ಮನಿಗೆ ನಮ್ಮ ಮಂದಿ ಹೆಂಗ ಹೋಗೂದು, ಬರೂದು? ವಿಚಾರ ಮಾಡಿ ತಿಳಸ್ತೀವ್ರಿ.”

ಕಬ್ಬು ಮುರಿದ ಸಿಟ್ಟಿಗೆ ಸಾವ್ಕಾರರ ಮೊಮ್ಮಗ ಅಮೋಲ ಅದೇ ಸಂಜೆ ನಕಾಶೆಯಲ್ಲಿ ದಾರಿ ಅಳಿಸಿದ. ಅಮೋಲ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ. ಅವನಿಗೆ ಇದು ಎಡಗೈ ಕೆಲಸ. ದುರಗಪ್ಪ ಮರುದಿನ ಎದ್ದು ಹಲ್ಲು ತಿಕ್ಕುವ ಮೊದಲು ಮತ್ತೆ ಎಳೆದ. ಅಮೋಲ ಊಟದ ಹೊತ್ತಿಗೆ ಅಳಿಸಿದ. ಆರು ದಿನ ಹೀಗೇ ನಡೆಯಿತು. ಹೊಲದಲ್ಲಿ ಎದುರಿಗೆ ಸಿಕ್ಕಾಗ ಇಬ್ಬರೂ “ನಮಸ್ಕಾರ್ರಿ ಮಾಮಾ”, “ಆರಾಮ ಅದಿಯೇನಪಾ” ಎಂದು ಮಾತಾಡಿಸಿಕೊಂಡು, ಹಿಂದೆ ತಿರುಗಿದ ಕೂಡಲೇ ಫೋನು ತೆಗೆಯುತ್ತಿದ್ದರು. ಅರವತ್ಮೂರು ವರ್ಷದ ತಾನು ಇಪ್ಪತ್ತೈದರ ಹುಡುಗನ ಜೊತೆ ಗೋಡೆಯ ಮೇಲೆ ಬರೆದು ಅಳಿಸುವ ಆಟ ಆಡುತ್ತಿದ್ದೇನೆ ಎಂದು ದುರಗಪ್ಪನಿಗೆ ಗೊತ್ತಿತ್ತು. ಬಿಡಲು ಮಾತ್ರ ಆಗಲಿಲ್ಲ.

ಏಳನೆಯ ದಿನ ನಡುವೆ ಬಂದವನು ಪಾರಿಸ. ನಿಪ್ಪಾಣಿಯ ಶಾಲೆಯೊಂದರಲ್ಲಿ ಮಾಸ್ತರ. ಬಿಡುವಿನಲ್ಲಿ ಪಗಾರವಿಲ್ಲದೆ ಈ ಸೀಮೆಯ ನಕಾಶೆ ಕಾಯುವವರಲ್ಲಿ ಒಬ್ಬ. ನಕಾಶೆಯ ಜೊತೆಗೇ ಇದ್ದ, ಎಲ್ಲರೂ ಓದುವ ಚರ್ಚೆಯ ಜಾಗದಲ್ಲೇ ಅವನು ಇಬ್ಬರಿಗೂ ಬರೆದಿದ್ದ. “ಜಗಳ ಬ್ಯಾಡ್ರಿ. ಅಮೋಲ ಅವ್ರು ಕಬ್ಬಿನ ಫೋಟೋ ಹಾಕ್ಯಾರ. ದುರಗಪ್ಪ ಅವ್ರ, ದಾರಿ ಇತ್ತಂತ ನಿಮಗ ಹೆಂಗ ಗೊತ್ತು? ನೆಲದ ಮ್ಯಾಲ ಏನರೆ ಗುರುತ ಐತೇನ್ರಿ? ಎಂಟ ದಿನದಾಗ ತೋರಸ್ರಿ. ಇಲ್ಲಂದ್ರ ದಾರಿ ತಗೀತೀವಿ.”

ನಿಮಗ ಹೆಂಗ ಗೊತ್ತು? ಮೂವತ್ತೆರಡು ವರ್ಷದಲ್ಲಿ ಯಾವ ಸಾಹೇಬನೂ ಅವನನ್ನು ಕೇಳದಿದ್ದ ಪ್ರಶ್ನೆ ಅದು. ಕೇಳಿದ್ದೂ ಬಹುವಚನದಲ್ಲಿ. ದುರಗಪ್ಪ ಎರಡು ದಿನ ಅದನ್ನೇ ತೆಗೆದು ತೆಗೆದು ಓದಿದ.

ಅತ್ತ ಕೇರಿಗೆ ಹುರುಪು ಬಂದಿತ್ತು. ದಾರಿ ಫೋನಿನಲ್ಲಿ ಇದೆ ಎಂದಾದರೆ ನೆಲದ ಮೇಲೂ ಕೇಳಬಹುದಲ್ಲ! ವಿಹಾರದಲ್ಲಿ ಸಭೆ ಸೇರಿ, ಬಂಡಿದಾರಿ ಬಿಡಿಸಿಕೊಡಿರೆಂದು ಅರ್ಜಿ ಬರೆದು, ಮೊದಲ ಸಹಿಗೆ ಕಾಗದವನ್ನು ದುರಗಪ್ಪನ ಮುಂದೆ ಇಟ್ಟರು. “ನಿನ್ನ ಸಹಿ ಇದ್ರ ಯಾರೂ ಸುಳ್ಳ ಅನ್ನಾಂಗಿಲ್ಲ ಮಾಮಾ,” ಎಂದಳು ಸೋನಾಬಾಯಿ. ದುರಗಪ್ಪ ಕನ್ನಡಕ ಮನೆಯಲ್ಲಿ ಮರೆತೆ ಎಂದು ಸುಳ್ಳು ಹೇಳಿ ಎದ್ದುಬಂದ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಮರುದಿನ ಸಾವ್ಕಾರರು ಹೇಳಿಕಳಿಸಿದರು. ಎಂಬತ್ತರ ಮುದುಕ, ತಮ್ಮ ದೊಡ್ಡ ಮನೆ ವಾಡೆಯ ಕಟ್ಟೆಯ ಮೇಲೆ ಕೂತಿದ್ದರು. ಕಪ್ಪು-ಬಸಿಯಲ್ಲಿ ಚಹಾ ಬಂತು.

“ಕುಡಿಯಪಾ,” ಎಂದರು. “ಈ ಕಪ್ಪು ನೆನಪೈತೇನ?”

“ಐತ್ರಿ ಸಾವ್ಕಾರ್ರ.”

“ನಾ ಏನ ಒತ್ತಾಯ ಮಾಡಿದ್ನೇನ ಆವತ್ತ? ಕೇಳಿದ್ನಿ, ನೀ ಹೂಂ ಅಂದಿ. ಈಗ ದಾರಿ ಮಾತ ತಗದ್ರ ಕಲ್ಲಿನ ಮಾತ ಬರತೈತಿ. ಕಲ್ಲ ಎಲ್ಲೈತಿ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಇದ್ದ ಹೆಸರ ಯಾಕ ಕೆಡಸ್ಕೋತಿ?”

ಅವರು ಹೆದರಿಸಲಿಲ್ಲ, ಗದರಿಸಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎಂಬುದೇ ದುರಗಪ್ಪನನ್ನು ಕೊಂದದ್ದು.

೧೯೯೬ರ ಮಾತು. ಸಾವ್ಕಾರರು ತಮ್ಮ ಹೊಲದ ಗಡಿ ಅಳೆಸಿದ್ದರು. ಸಾಹೇಬರು ಗಿಡದ ಕೆಳಗೆ, ದುರಗಪ್ಪ ಸರಪಳಿಯ ತುದಿಯಲ್ಲಿ. ಮುಳ್ಳು ಬೆಳೆದು ಆಗಲೇ ಬಂಡಿ ನಿಂತಿದ್ದ ಆ ದಾರಿಯ ಬಾಂದುಕಲ್ಲು ಹುಲ್ಲಿನೊಳಗೆ ಸರಿಯಾಗಿ ಸಿಕ್ಕಿತ್ತು. ಅದಕ್ಕೆ ಸ್ವಲ್ಪ ಮೊದಲು ವಾಡೆಯಿಂದ ಚಹಾ ಬಂದಿತ್ತು. ಅಲ್ಲಿಯವರೆಗೆ ಆ ವಾಡೆಯಲ್ಲಿ ಕೇರಿಯವರಿಗೆ ಚಹಾ ಎಂದರೆ ಹಿತ್ತಲ ಗೋಡೆಯ ಸಂದಿಯಲ್ಲಿ ಇಡುತ್ತಿದ್ದ ಬೇರೆ ಗ್ಲಾಸು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಬರಬೇಕು. ಆವತ್ತು ಸಾಹೇಬರಿಗೆ ಕೊಟ್ಟಂಥದ್ದೇ ಕಪ್ಪು-ಬಸಿ ಅವನಿಗೂ ಬಂದಿತ್ತು, ನೀಲಿ ಹೂವಿನದು. ಆ ಕಪ್ಪಿನ ಬಿಸಿ ಇನ್ನೂ ಕೈಯಲ್ಲಿರುವಾಗ ಸಾವ್ಕಾರರು ಹತ್ತಿರ ಬಂದು, “ಇಲ್ಲೇನೂ ಕಲ್ಲ ಕಾಣಾಂಗಿಲ್ಲಲಾ ದುರಗಪ್ಪಾ?” ಎಂದಿದ್ದರು. ದುರಗಪ್ಪ ಎಂದಿದ್ದರು, ದುರಗ್ಯಾ ಎಂದಿರಲಿಲ್ಲ. ಅವನು ಸಾಹೇಬರ ಕಡೆ ತಿರುಗಿ, “ಕಲ್ಲ ಇಲ್ರೀ ಸಾಹೇಬ್ರ!” ಎಂದು ಕೂಗಿದ್ದ. ಕಲ್ಲಿಲ್ಲದ ದಾರಿ ಆವತ್ತೇ ಸಾವ್ಕಾರರ ಹೊಲದೊಳಗೆ ಸೇರಿತ್ತು.

ಸಂಜೆ ಸಾವ್ಕಾರರು ಕಲ್ಲು ಕೀಳಿಸಿ, “ಮನಿಗೆ ಒಯ್ಯಿ, ಅರಬಿ ಒಗ್ಯಾಕ ಆಗತೈತಿ” ಎಂದಿದ್ದರು. ಉಜ್ವಲಾ ಆಗ ಎರಡು ವರ್ಷದ ಕೂಸು. ದಿನಕ್ಕೆ ಬುಟ್ಟಿ ತುಂಬ ಬಟ್ಟೆ, ಮನೆಯಲ್ಲಿ ಒಗೆಯುವ ಕಲ್ಲಿಲ್ಲ. ಬೇರೆ ಚೈನ್‌ಮನ್‌ಗಳು ನೋಟು ತಿಂದು ಮನೆ ಕಟ್ಟಿಸಿದ್ದರು. ದುರಗಪ್ಪ ಮಾತ್ರ ಲಂಚವನ್ನು ಹೆಗಲ ಮೇಲೆ ತಾನೇ ಹೊತ್ತುಕೊಂಡು ಎರಡೂವರೆ ಕಿಲೋಮೀಟರ್ ಬಂದಿದ್ದ, ತಾನೇ ಮುಚ್ಚಿದ ದಾರಿಯನ್ನು ಸುತ್ತುಹಾಕಿಕೊಂಡು. ಒಂದು ರೂಪಾಯಿ ಮುಟ್ಟಿರಲಿಲ್ಲ, ನಿಜ. ಗೆರೆ ಕೊರೆದ ಮೈಯನ್ನು ಕೆಳಗೆ ಮಾಡಿ ಹಿತ್ತಲಲ್ಲಿ ಹಾಕಿದ್ದ.

ವಾಡೆಯಿಂದ ಮನೆಗೆ ಬಂದಾಗ ಹೆಂಡತಿ ಸುಂದರಾ ಅದೇ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದಳು. ದುರಗಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಪ್ಪಿನಿಂದ ಹಿಡಿದು ಕಲ್ಲಿನವರೆಗೆ ಎಲ್ಲ ಹೇಳಿದ. ಅವಳ ಕೈ ನಿಂತಿತು. ಸಾಬೂನಿನ ನೀರು ಕಲ್ಲಿನ ಮೇಲಿಂದ ಇಳಿದು ಅವನ ಪಾದಕ್ಕೆ ಬಂತು.

“ಇಪ್ಪತ್ತೊಂದ ವರ್ಷ,” ಎಂದಳು. “ಇಪ್ಪತ್ತೊಂದ ವರ್ಷ ನಾ ಕೇರಿ ದಾರಿ ಮ್ಯಾಲ ಅರಬಿ ಒಗದೇನೇನ್ರಿ?”

ಅವನು ತಲೆ ತಗ್ಗಿಸಿದ. ಈ ಸಲ ಅವಳು ಅದನ್ನು ವಿನಯ ಅಂದುಕೊಳ್ಳಲಿಲ್ಲ.

“ನನ್ನ ಅವ್ವನ್ನ ಹೊರಸಿನ ಮ್ಯಾಲ ಹಾಕ್ಕೊಂಡ ಆ ಬದುವಿನ ಮ್ಯಾಲ ದವಾಖಾನಿಗೆ ಹೋಗೂ ಮುಂದ ನೀವೂ ಹೊರಸಿನ ಒಂದ ಕಾಲ ಹಿಡದಿದ್ರಿ. ಜಾರಿ ಎರಡ ಸಲ ಕೆಳಗ ಬಿಟ್ರಿ. ಆವಾಗರೆ ಬಾಯಿ ಬಿಡಬೇಕಿಲ್ಲೇನ?”

ಅದಕ್ಕೆ ದುರಗಪ್ಪನ ಹತ್ತಿರ ಯಾವ ಜೋಕೂ ಇರಲಿಲ್ಲ. ತನ್ನನ್ನು ತಾನು ಆಡಿಕೊಂಡು ನಗುವವನು ನಿಜವಾಗಿ ನಗಬೇಕಾದ ಜಾಗವೊಂದನ್ನು ಯಾವಾಗಲೂ ಬಚ್ಚಿಟ್ಟಿರುತ್ತಾನೆ. ಅವನದು ಹಿತ್ತಲಲ್ಲಿ, ಹಾಡುಹಗಲಲ್ಲಿ ಬಿದ್ದುಕೊಂಡಿತ್ತು. ಅವನು ಎದ್ದು ಕಲ್ಲಿಗೆ ಕೈ ಹಾಕಿದ. ನಲವತ್ತೆರಡರಲ್ಲಿ ಹೆಗಲ ಮೇಲೆ ಹೊತ್ತು ತಂದ ಕಲ್ಲು ಇಪ್ಪತ್ತೊಂದು ವರ್ಷ ಮಣ್ಣಿಗೆ ಇಳಿದು, ಅರವತ್ಮೂರರಲ್ಲಿ ಅಲ್ಲಾಡಲೂ ಇಲ್ಲ. ಸೊಂಟ ಚಳಕ್ ಎಂದಿತು.

“ಒಬ್ಬಾಕಿಗೆ ಹೇಳಿದ್ರ ಕಲ್ಲ ಏಳಾಂಗಿಲ್ಲ,” ಎಂದಳು ಸುಂದರಾ. “ಎಲ್ಲಾರನ್ನೂ ಕರೀರಿ.”

ದುರಗಪ್ಪ ಹೊರಗೆ ಹೋಗಿ ಕರೆದ. ಸೋನಾಬಾಯಿ ಬಂದಳು, ಅರ್ಜಿ ಬರೆದವರು ಬಂದರು, ಹಿತ್ತಲು ತುಂಬಿತು. ಅವನು ಒಗೆಯುವ ಕಲ್ಲಿನ ಪಕ್ಕ ನಿಂತು, ಮತ್ತೊಮ್ಮೆ ಎಲ್ಲ ಹೇಳಿದ. ಹೇಳುವಾಗ ಒಂದು ಕಡೆಯೂ ನಗಲಿಲ್ಲ. ಮುಗಿದ ಮೇಲೆ ಒಬ್ಬಿಬ್ಬರು ಎದ್ದು ಹೋದರು. ಅವರು ಆಮೇಲೆ ವರ್ಷಗಟ್ಟಲೆ ಅವನ ಜೊತೆ ಮಾತಾಡಲಿಲ್ಲ. ಅದು ಅವರಿಗೆ ಸಲ್ಲಬೇಕಾದ ಹಕ್ಕೇ.

ಕೊನೆಗೆ ಸೋನಾಬಾಯಿ ಸೆರಗು ಸಿಕ್ಕಿಸಿದಳು. “ಎಣ್ಣೆಗಾಯಿ ಬಂದ್. ಇನ್ನ ಹಿಡೀರಿ,” ಎಂದಳು. ಏಳು ಜನ ಕೈ ಹಾಕಿದರು. ಕಲ್ಲು ಮಗುಚಿತು. ಕೆಳಮೈಯಲ್ಲಿ ಎರೆಹುಳು, ಕಪ್ಪು ಮಣ್ಣು. ಸುಂದರಾ ಕೊಡದ ನೀರು ಸುರಿದಳು. ಅಡ್ಡ-ಉದ್ದ ಗೆರೆ ಇವತ್ತೇ ಕೊರೆದ ಹಾಗೆ ಇತ್ತು.

ಉಜ್ವಲಾಳಿಗೆ ಫೋನು ಹಚ್ಚಿ ವಿಷಯ ಹೇಳಿದಾಗ ಅವಳು, “ಫೋಟೋ ಹಾಕಪ್ಪಾ. ಹೆಸರ ಮುಚ್ಚಿಡಬ್ಯಾಡ,” ಎಂದಳು. “ಬೀಗರು?” ಎಂದು ಅವನು ಕೇಳಿದ. “ಮದ್ಲ ದಾರಿ ಮಾಡು,” ಎಂದಳು. ದುರಗಪ್ಪ ಕಲ್ಲಿನ ಫೋಟೋ ಹಾಕಿ, ಎಲ್ಲರೂ ಓದುವ ಆ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದ. “ದಾರಿ ಇತ್ತು. ನನಗೆ ಗೊತ್ತು, ಯಾಕಂದರೆ ಅದರ ಕಲ್ಲು ಇಲ್ಲ ಅಂತ ಸುಳ್ಳು ಕೂಗಿದವನು ನಾನೇ. ಕಲ್ಲು ನನ್ನ ಮನೆಯಲ್ಲಿ ಇತ್ತು. ದುರಗಪ್ಪ, ನಿವೃತ್ತ ಚೈನ್‌ಮನ್, ಮಾಳಟ್ಟಿ.” ಮೂವತ್ತೆರಡು ವರ್ಷ ಕೂಗಿದವನು ಮೊದಲ ಸಲ ಬರೆದ ವರದಿ ಅದು.

ಪಾರಿಸ ಮಾಸ್ತರ ಮರುದಿನ ಉತ್ತರ ಕೊಟ್ಟ. “ಹೇಳಿದ್ದು ದೊಡ್ಡ ಮಾತ್ರಿ. ಆದ್ರ ನಮ್ಮ ನಕಾಶೆದಾಗ ನೆಲದ ಮ್ಯಾಲ ಇದ್ದದ್ದನ್ನಷ್ಟ ಬರೀತೀವಿ. ಸದ್ಯಕ್ಕ ಕಾಲುದಾರಿ ಅಂತ ಚುಕ್ಕಿ ಗೆರಿ ಇಡ್ತೀನಿ. ಬಂಡಿ ಅಡ್ಡಾಡಿದ ದಿನಾ ತಿದ್ದೋಣು.” ಅಮೋಲ ಆ ಚುಕ್ಕಿಗಳನ್ನು ಅಳಿಸಲಿಲ್ಲ. ನಾಚಿಕೆಗೋ, ಅಥವಾ ಅಷ್ಟೊಂದು ಜನ ಓದುತ್ತಿದ್ದಾರೆ ಎಂದೋ, ಅವನನ್ನೇ ಕೇಳಬೇಕು.

ಅರ್ಜಿ ಹೋಯಿತು. ಮೊದಲ ಸಹಿ ಸುಂದರಾಳದು, ಕೊನೆಯದು ದುರಗಪ್ಪನದು. ಒಂದೂವರೆ ವರ್ಷ ತಿರುಗಾಡಿಸಿದ ಮೇಲೆ ಮೋಜಣಿಯವರು ಬಂದರು. ಸರಪಳಿ ಇಲ್ಲ, ಚೈನ್‌ಮನ್ ಇಲ್ಲ. ಮೂರು ಕಾಲಿನ ಒಂದು ಮಷೀನು. ಕಬ್ಬು ಕಟಾವಾಗಿತ್ತು. ಬಾಂದುಕಲ್ಲು ಇದ್ದ ಜಾಗ ತೋರಿಸುವವರು ಯಾರು ಎಂದು ಹುಡುಗ ಸರ್ವೇಯರ್ ಕೇಳಿದಾಗ ಕೇರಿಯವರು ದುರಗಪ್ಪನ ಕಡೆ ನೋಡಿದರು. ಅವನು ನಡೆದು ಹೋಗಿ, ಹೆಜ್ಜೆ ಎಣಿಸಿ, ಒಂದು ಕಡೆ ನಿಂತ. ಅಗೆದರು. ಕಲ್ಲು ಕಿತ್ತ ಕುಣಿಯಲ್ಲಿ, ಹಿಂದೆ ಅದನ್ನು ನೆಡುವಾಗ ತುಂಬಿದ ಸುಣ್ಣದ ಹರಳು ಸಿಕ್ಕಿತು. ಕೇರಿಯವರು ಹೊತ್ತು ತಂದ ಕಲ್ಲನ್ನು ಅಲ್ಲೇ ನೆಟ್ಟರು. “ಐತ್ರೀ ಸಾಹೇಬ್ರ,” ಎಂದು ದುರಗಪ್ಪ ಕೂಗಿದ. ಹುಡುಗ ಹತ್ತು ಮಾರು ದೂರದಲ್ಲೇ ಇದ್ದ, ಅಷ್ಟು ಜೋರಾಗಿ ಕೂಗಬೇಕಾಗಿರಲಿಲ್ಲ.

ಆ ವರ್ಷ ಮೊದಲ ಬಂಡಿ ಹೋದ ದಿನ ಅವನು ಚುಕ್ಕಿಗಳನ್ನು ಗೆರೆಯಾಗಿ ತಿದ್ದಿ, ಸುಂದರಾಳಿಗೆ ಫೋನು ತೋರಿಸಲು ಹಿತ್ತಲಿಗೆ ಹೋದ. ಅವಳು ಬಕೆಟ್ಟಿನ ಮುಂದೆ ಬಗ್ಗಿ ಕೂತು ಕೈಯಲ್ಲೇ ಬಟ್ಟೆ ಕುಕ್ಕುತ್ತಿದ್ದಳು. ಫೋನಿನ ಕಡೆ ಒಂದು ಸಲ ನೋಡಿದಳು.

“ಚಲೋ ಆತು,” ಎಂದಳು. “ಇನ್ನ ನನಗೊಂದ ಒಗ್ಯೂ ಕಲ್ಲ ಬೇಕು. ಈ ಸಲಾ ರೊಕ್ಕಾ ಕೊಟ್ಟ ತರ್ರಿ.”